ಇನ್ನೊಬ್ಬರ ಮಾತು ನಮ್ಮ ಬಾಯಲ್ಲಿ: ರಂಗಭೂಮಿ ಕಟ್ಟುವ ಭಾಷೆ

(ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ತಮ್ಮ ಹೆಸರನ್ನು ವೇದಿಕೆಯಿಂದ ಹೇಳಬಾರದೆಂದು ಕೇಳಿಕೊಂಡಿದ್ದಾರೆ. ಅವರ ಮಾತಿಗೆ ಗೌರವ ಕೊಟ್ಟು, ಹೆಸರಿಲ್ಲದೆಯೇ ಅವರಿಗೆ ಕೈಮುಗಿಯುತ್ತೇನೆ. ರಂಗಭೂಮಿಯ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ಈ ಬಡಾವಣೆಯಲ್ಲೇ ನಡೆಯಬೇಕು ಎಂಬುದೊಂದೇ ಅವರ ಷರತ್ತು. ಆ ಷರತ್ತು ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. ನಾನು ನಾಟಕ ಕಲಿತದ್ದು ಇಲ್ಲೇ, ಕೇಂದ್ರ ಸರಕಾರಿ ನೌಕರರ ಕಾಲೊನಿಯ ಒಂದು ಕ್ವಾರ್ಟರ್ಸ್‌ನಲ್ಲಿ, ಮಂಚವನ್ನು ಗೋಡೆಗೆ ಒರಗಿಸಿ ಬಿಡಿಸಿಕೊಂಡ ಹತ್ತಡಿ ಜಾಗದಲ್ಲಿ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ರಾಜ್ಯೋತ್ಸವಕ್ಕೆಂದು ಒಂದು ನಾಟಕ ಎತ್ತಿಕೊಂಡಿದ್ದೆವು. ಉತ್ತರ ಕರ್ನಾಟಕದ ಹಳ್ಳಿಯ ಕತೆ. ಬರಗಾಲ ಬಿದ್ದು ಸಾಲಕ್ಕೆ ಹೊಲ ಹೋಗುತ್ತದೆ. ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಗಂಡ ಹೆಂಡತಿಯ ಮುಖ ನೋಡುತ್ತಾನೆ. ಆಕೆ ಆಡಬೇಕಾದದ್ದು ಒಂದೇ ಮಾತು: ‘ಆಗಲಿ.’

ಆ ಪಾತ್ರಕ್ಕೆ ಆರಿಸಿದ್ದ ಹುಡುಗಿ ಮುಂಬಯಿಯಲ್ಲೇ ಹುಟ್ಟಿದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಮೆಟ್ಟಿಲ ಮೇಲೆ ಹಿಂದಿ, ಬಸ್ಸಿನಲ್ಲಿ ಮರಾಠಿ. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಆಡುವ ಸಂದರ್ಭವೇ ಬರುತ್ತಿರಲಿಲ್ಲ. ಅವಳು ‘ಆಗಲಿ’ ಅಂದಳು. ಅಂಗಡಿಗೆ ಹೋಗಿ ಬಾ ಎಂದಾಗ ಮಕ್ಕಳು ‘ಸರಿ’ ಎನ್ನುವ ಹಾಗಿತ್ತು. ನಿರ್ದೇಶಕರು ಮತ್ತೆ ಹೇಳಿಸಿದರು. ಹತ್ತು ಸಲ, ಇಪ್ಪತ್ತು ಸಲ. ಪ್ರಾಂಪ್ಟಿಂಗ್ ಮಾಡಲು ಪುಸ್ತಕ ಹಿಡಿದು ಮೂಲೆಯಲ್ಲಿ ಕೂತಿದ್ದ ನನಗೂ ಆ ಒಂದು ಪದ ಕಿವಿಯಲ್ಲಿ ಸವೆದುಹೋಯಿತು. ಕೊನೆಗೆ ಅವಳೇ ಕೇಳಿದಳು: ‘ಅಂಕಲ್, ಆಗಲಿ ಅಂದ್ರೆ ಹೂಂ ಅಂತಲಾ, ಬೇಡ ಅಂತಲಾ?’

ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾನು ಇಷ್ಟು ವರ್ಷ ಕಳೆದಿದ್ದೇನೆ. ಹಿರಿಯರು ತಲೆ ಮುಟ್ಟಿ ‘ಒಳ್ಳೆಯದಾಗಲಿ’ ಅಂದರೆ ಅದು ಹರಕೆ. ಯಜಮಾನ ಅಂದರೆ ಅಪ್ಪಣೆ. ಗೆಳೆಯ ಅಂದರೆ ಭರವಸೆ. ಜಗಳದಲ್ಲಿ ‘ಆಗಲಿ, ನೋಡೋಣ’ ಅಂದರೆ ಸವಾಲು. ಹೊಲ ಕಳೆದುಕೊಳ್ಳುತ್ತಿರುವವಳು ಅಂದರೆ ಏನು? ‘ಆಗಲಿ’ ಎಂಬ ಇದೇ ಒಪ್ಪಿಗೆಯನ್ನು ವಿಜಯಪುರದವರು ‘ಆತ್ರಿ’ ಅನ್ನುತ್ತಾರೆ. ಹವ್ಯಕರ ಮನೆಯಲ್ಲಿ ‘ಅಕ್ಕು’, ಉತ್ತರ ಕನ್ನಡದಲ್ಲಿ ‘ಅಡ್ಡಿಲ್ಲೆ’, ತುಳುವಿನಲ್ಲಿ ‘ಆವಡ್’. ‘ಆತ್ರಿ’ಯ ಕೊನೆಯ ‘ರಿ’ ಒಂದು ನಮಸ್ಕಾರವನ್ನೇ ಹೊತ್ತು ನಿಂತಿದೆ. ‘ಅಡ್ಡಿಲ್ಲೆ’ ಎನ್ನುವಾಗ, ತಡೆಯಬಹುದಿತ್ತು, ಆದರೆ ತಡೆಯುತ್ತಿಲ್ಲ ಎಂಬ ಉದಾರತೆ ಇದೆ. ಒಂದೊಂದು ಒಪ್ಪಿಗೆಯಲ್ಲೂ ಹೇಳುವವರಿಗೂ ಕೇಳುವವರಿಗೂ ಇರುವ ಅಂತರ ಬೇರೆ.

ಪುಸ್ತಕ ಭಾಷೆಯನ್ನು ಉಳಿಸುತ್ತದೆ, ಶಾಲೆ ಕಲಿಸುತ್ತದೆ. ನಾಟಕವು ಇನ್ನೊಬ್ಬರ ಮಾತನ್ನು ತಂದು ನಮ್ಮ ಬಾಯಲ್ಲಿಡುತ್ತದೆ. ಆ ಮಾತು ನಾಲಗೆಗೆ ಒಗ್ಗಬೇಕಾದರೆ ಅದನ್ನು ಆಡುವವರ ಬದುಕು ನಮಗೆ ಗೊತ್ತಾಗಬೇಕು. ಹಾಗಾಗಿ ರಂಗದ ಮೇಲೆ ಭಾಷೆ ಬೆಳೆಯುವುದೂ ಸಮಾಜ ಅರ್ಥವಾಗುವುದೂ ಒಟ್ಟೊಟ್ಟಿಗೇ ನಡೆಯುವ ಕೆಲಸ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಸಾಕ್ಷಿ.

ಕರ್ಕಿಯಿಂದ ಹೊರಟ ಎರಡು ದಾರಿ

ಆಂಟಾಪ್ ಹಿಲ್‌ನಲ್ಲಿ ಕೋಕ್ರಿ ಅಗಾರ್ ಎಂಬ ಜಾಗ ಇದೆ. ಉಪ್ಪು ಬೆಳೆಯುವ ಜಾಗಕ್ಕೆ ಮರಾಠಿಯಲ್ಲಿ ‘ಮಿಠಾಗರ್’ ಅನ್ನುತ್ತಾರೆ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ನಮ್ಮವರಿಗೆ ಅದೇ ‘ಉಪ್ಪಿನ ಆಗರ’. ಕಡಲ ದಂಡೆಯುದ್ದಕ್ಕೂ ಪದಗಳು ಹೀಗೆ ಗಡಿ ಕೇಳದೆ ಓಡಾಡಿವೆ. ನಾಟಕವೂ ಓಡಾಡಿದೆ.

ಹೊನ್ನಾವರದ ಹತ್ತಿರ ಕರ್ಕಿ ಎಂಬ ಊರು. ಅಲ್ಲಿಯ ಯಕ್ಷಗಾನ ಮೇಳವೊಂದು 1842ರಲ್ಲಿ ಘಟ್ಟ ಹತ್ತಿ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಸಂಸ್ಥಾನದ ದೊರೆ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದ್ದು ಆಗಬೇಕೆಂದು ಆಸೆಪಟ್ಟರು. ಅವರ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು. ಮರಾಠಿಗರು ಇಂದಿಗೂ ಆ ದಿನವನ್ನು ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಹತ್ತು ವರ್ಷಗಳ ಬಳಿಕ, 1853ರಲ್ಲಿ, ಭಾವೆಯವರ ನಾಟಕ ಮುಂಬಯಿಯ ಗ್ರಾಂಟ್ ರೋಡಿಗೂ ಬಂತು.

ನಾವು ಕೊಟ್ಟದ್ದು ಬೆಳೆದು ನಮ್ಮ ಕಡೆಗೇ ತಿರುಗಿ ಬಂತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ತೆರೆದರು. ಆ ದಶಕಗಳಲ್ಲಿ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳೆಲ್ಲ ಮುಂಬಯಿ ಪ್ರಾಂತ್ಯದಲ್ಲಿದ್ದವು. ಕನ್ನಡದ ಮನೆಯವರು ಮರಾಠಿ ನಾಟಕ ನೋಡಿ ಮರಾಠಿ ಪದ ಗುನುಗುತ್ತ ಮಲಗುತ್ತಿದ್ದ ಕಾಲ ಅದು. ಇದು ಕನ್ನಡ ಶಾಲೆಯ ಮಾಸ್ತರರೊಬ್ಬರ ಮನಸ್ಸಿಗೆ ನಾಟಿತು. ಅವರ ಹೆಸರು ಸಕ್ಕರಿ ಬಾಳಾಚಾರ್ಯ, ನಾವು ಶಾಂತಕವಿಗಳೆಂದು ಕರೆಯುವವರು. ಮರಾಠಿಯನ್ನು ಬೈಯುವ ಗೋಜಿಗೆ ಅವರು ಹೋಗಲಿಲ್ಲ. ಗದಗಿನಲ್ಲಿ ವೀರನಾರಾಯಣನ ಹೆಸರಲ್ಲಿ ನಾಟಕ ಮಂಡಳಿ ಕಟ್ಟಿದರು. ಆಡಲು ನಾಟಕವಿರಲಿಲ್ಲ, ತಾವೇ ಬರೆದರು. ‘ಉಷಾಹರಣ’ದಿಂದ ಮೊದಲಾಗಿ ಸಾಲು ಸಾಲಾಗಿ ಬರೆದರು. ಕರ್ನಾಟಕದ ಏಕೀಕರಣ 1956ರಲ್ಲಿ ಆದದ್ದು ನಮಗೆಲ್ಲ ಗೊತ್ತು. ಕನ್ನಡವೂ ಒಂದು ಇರುಳು ಪೂರ್ತಿ ಜನರನ್ನು ಕೂಡಿಸಬಲ್ಲದು ಎಂಬ ನಂಬಿಕೆ ಅದಕ್ಕಿಂತ ಬಹಳ ಮೊದಲೇ, ಗದಗಿನ ರಂಗದ ಮೇಲೆ ಹುಟ್ಟಿತ್ತು.

ಕರ್ಕಿಯಿಂದ ಹೊರಟ ಎರಡನೆಯ ದಾರಿ ನೇರ ಈ ನಗರಕ್ಕೇ ಬಂತು.

1887ರ ಮುಂಬಯಿ

ಅದೇ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಮುಂಬಯಿಯಲ್ಲಿ ನೆಲೆಸಿದ್ದರು. ತಮ್ಮ ಸಮುದಾಯದ ತಿಳಿವಳಿಕೆಗಾಗಿ ‘ಹವ್ಯಕ ಸುಬೋಧ’ ಎಂಬ ಪತ್ರಿಕೆ ನಡೆಸಿದರು. 1887ರಲ್ಲಿ ಅವರ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಬೆಳಕು ಕಂಡಿತು. ‘ಕನ್ಯಾವಿಕ್ರಯದ ಪರಿಣಾಮವು’ ಎಂಬುದು ಅದರ ಇನ್ನೊಂದು ಹೆಸರು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ವಿದ್ವಾಂಸರು ಇದನ್ನು ಗುರುತಿಸುತ್ತಾರೆ. ಹಣ ಪಡೆದು ಎಳೆಯ ಹೆಣ್ಣುಮಕ್ಕಳನ್ನು ಮದುವೆ ಮಾಡಿಕೊಡುವ ಪದ್ಧತಿ ಅದರ ವಸ್ತು.

ವಸ್ತುವಿಗಿಂತ ಹೆಚ್ಚಾಗಿ ಶಾಸ್ತ್ರಿಗಳು ಆರಿಸಿಕೊಂಡ ಮಾತು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಆಗ ನಾಟಕವೆಂದರೆ ಸಂಸ್ಕೃತದಿಂದ ಬಂದ ರಾಜರು, ಋಷಿಗಳು, ಗ್ರಂಥದ ಕನ್ನಡ. ಶಾಸ್ತ್ರಿಗಳು ತಮ್ಮ ಪಾತ್ರಗಳಿಗೆ ಹವ್ಯಕರ ಮನೆಮಾತನ್ನೇ ಕೊಟ್ಟರು. ಜಗಲಿಯಲ್ಲಿ ಕೂತು ಕವಳ ಹಾಕುತ್ತ ಆಡುವ ಮಾತು, ಅಡಿಗೆಮನೆಯಲ್ಲಿ ಹೆಂಗಸರು ಪಿಸುಗುಟ್ಟುವ ಮಾತು ಅಚ್ಚಿಗೆ ಬಂತು. ಅದೇ ಕತೆಯನ್ನು ಪಂಡಿತರ ಕನ್ನಡದಲ್ಲಿ ಬರೆದಿದ್ದರೆ, ಮಗಳನ್ನು ಮಾರಿದ ಅಪ್ಪ ಅದನ್ನು ಓದಿ, ಯಾರದೋ ಊರಿನ ಕತೆ ಎಂದು ಪುಸ್ತಕ ಮುಚ್ಚಿಡಬಹುದಿತ್ತು. ತನ್ನ ಸ್ವಂತ ಮಾತು, ತನ್ನ ಮನೆಯ ‘ಅಕ್ಕು’, ತನ್ನೆದುರೇ ಬಂದು ನಿಂತಾಗ ಅವನು ಓಡುವುದೆಲ್ಲಿಗೆ? ಮನೆಯ ತಪ್ಪನ್ನು ಮನೆಯ ಮಾತಿನಲ್ಲೇ ಹೇಳಬೇಕು. ಸಮಾಜ ಸುಧಾರಣೆಯ ಭಾಷಣಗಳು ಅಂದು ಬೇಕಾದಷ್ಟು ಇದ್ದವು. ಉಪಭಾಷೆಯನ್ನು ನಾಟಕಕ್ಕೆ ತಂದ ಈ ಧೈರ್ಯ ಮಾತ್ರ ಮುಂಬಯಿಯಲ್ಲಿದ್ದ ಒಬ್ಬ ಕನ್ನಡಿಗನದು.

ಊರಿನಿಂದ ದೂರ ಬಂದದ್ದರಿಂದಲೇ ಅದು ಸಾಧ್ಯವಾಯಿತೆಂದು ನಾನು ಭಾವಿಸುತ್ತೇನೆ. ಊರಿನಲ್ಲಿದ್ದಾಗ ನಮ್ಮ ಮಾತು ನಮಗೆ ಕೇಳಿಸುವುದಿಲ್ಲ. ನಾಲ್ಕು ಭಾಷೆಗಳ ನಡುವೆ ನಿಂತಾಗ ಅದರ ಏರಿಳಿತ ಕಿವಿಗೆ ಬೀಳುತ್ತದೆ. ಐರ್ಲೆಂಡಿನಲ್ಲೂ ಇಂಥದ್ದು ನಡೆದಿದೆ. ಜೆ.ಎಂ. ಸಿಂಜ್ ಆರನ್ ದ್ವೀಪಗಳಿಗೆ ಹೋಗಿ ಅಲ್ಲಿಯ ರೈತರ, ಬೆಸ್ತರ ಮಾತಿಗೆ ಕಿವಿಗೊಟ್ಟು ನಾಟಕ ಬರೆದ. 1907ರಲ್ಲಿ ಡಬ್ಲಿನ್ನಿನ ಆ್ಯಬಿ ಥಿಯೇಟರಿನಲ್ಲಿ ಅವನ ‘ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್’ ಆಡಿದಾಗ ಪ್ರೇಕ್ಷಕರು ದೊಂಬಿ ಎಬ್ಬಿಸಿದರು. ಹಳ್ಳಿಯ ಮಾತು ಹಳ್ಳಿಯ ಸತ್ಯವನ್ನೂ ಜೊತೆಗೇ ತಂದಿತ್ತು. ನಗರದವರು ಕಲ್ಪಿಸಿಕೊಂಡಿದ್ದ ಮುಗ್ಧ ಹಳ್ಳಿ ಆ ರಂಗದ ಮೇಲೆ ಕಾಣಲಿಲ್ಲ.

ಕಿವಿ ಕಟ್ಟಿದ ಕನ್ನಡ

ನಮ್ಮ ಕರಾವಳಿಯಲ್ಲಿ ತುಳು, ಕೊಂಕಣಿ ಮನೆಮಾತಿನ ಸಾವಿರಾರು ಜನ ಶಾಲೆಯ ಮೆಟ್ಟಿಲು ಹತ್ತದೆಯೂ ತುಂಬುಗನ್ನಡ ಕಲಿತರು. ಕಲಿಸಿದ್ದು ಯಕ್ಷಗಾನ. ಆಟದಲ್ಲಿ ಇಂಗ್ಲಿಷ್ ಪದ ಬಂದರೆ ಅದು ಕಲಾವಿದನ ಸೋಲು. ತಾಳಮದ್ದಳೆಯಂತೂ ಬರಿಯ ಮಾತಿನ ರಂಗ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡಿದ ಪದಕ್ಕೆ ಅರ್ಥಧಾರಿ ಕೂತಲ್ಲೇ ಆಶುವಾಗಿ ಮಾತು ಕಟ್ಟಬೇಕು, ಎದುರಾಳಿಯ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ಕೃಷ್ಣನ ಪರ ಒಬ್ಬ, ಕೌರವನ ಪರ ಇನ್ನೊಬ್ಬ. ಇಬ್ಬರ ವಾದವೂ ಗಟ್ಟಿಯಾಗಿರಬೇಕು. ನಾವು ಒಪ್ಪದವನ ಪರವಾಗಿಯೂ ಪ್ರಾಮಾಣಿಕವಾಗಿ ವಾದಿಸಬಹುದು ಎಂಬ ಈ ಶಿಸ್ತನ್ನು ಓದು ಬರಹ ಬಾರದ ಕೃಷಿಕನೂ ಇರುಳಿಡೀ ಕೂತು ಕಲಿತ.

ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರನ್ನು ನೆನೆಯಿರಿ. ರಾವಣ, ವಾಲಿಯರಷ್ಟೇ ಅವರಿಗೆ ಹೆಸರು ತಂದದ್ದು ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿ. ಮೂಲ್ಕಿಯ ದೇವಿಗೆ ಗುಡಿ ಕಟ್ಟಿಸಿದ ಮುಸ್ಲಿಂ ವರ್ತಕನ ಐತಿಹ್ಯ ಅದು. ಶೇಣಿಯವರು ಆ ಪಾತ್ರವನ್ನು ನಗೆಯ ವಸ್ತುವಾಗಲು ಬಿಡಲಿಲ್ಲ, ಅದಕ್ಕೆ ಘನತೆ ತುಂಬಿದರು. ಸಂತೆಯಲ್ಲಿ ದಿನಾ ವ್ಯಾಪಾರ ಮಾಡುತ್ತಿದ್ದ ಬ್ಯಾರಿಯ ಮಾತನ್ನು ಆ ರಾತ್ರಿ ಜನ ಭಕ್ತಿಯಿಂದ ಕೇಳಿದರು. ಬೆಳಿಗ್ಗೆ ಅದೇ ಸಂತೆಗೆ ಹೋದವರ ಕಿವಿ ಸ್ವಲ್ಪವಾದರೂ ಬದಲಾಗಿರಬೇಕು.

ಇಪ್ಪತ್ತನೆಯ ಶತಮಾನದ ನಾಟಕಕಾರರೂ ಈ ಕಿವಿಯ ದಾರಿಯಲ್ಲೇ ನಡೆದರು. ಟಿ.ಪಿ. ಕೈಲಾಸಂ ಬೆಂಗಳೂರು, ಮೈಸೂರಿನ ಮಧ್ಯಮವರ್ಗದ ಮನೆಗಳಲ್ಲಿ ಇಂಗ್ಲಿಷ್ ಬೆರೆತ ಕನ್ನಡವನ್ನು ಕೇಳಿ ಇದ್ದ ಹಾಗೇ ರಂಗಕ್ಕೆ ತಂದರು. ಆ ಬೆರಕೆಯೊಳಗೆ ಓದಿದವರ ಬಿಂಕವೂ ಓದದ ಹೆಂಗಸರ ಸಂಕಟವೂ ಬಯಲಾದವು. ವಿಜಯಪುರ ಜಿಲ್ಲೆಯ ಅಗರಖೇಡದ ಶ್ರೀರಂಗರು ‘ಹರಿಜನ್ವಾರ’ದಲ್ಲಿ ಅಸ್ಪೃಶ್ಯತೆಯ ಪ್ರಶ್ನೆಯನ್ನು ಸಭೆಯಿಂದ ಎತ್ತಿ ಮೇಲ್ಜಾತಿಯ ಮನೆಯ ಒಳಗೇ ಇಟ್ಟರು. 1972ರಲ್ಲಿ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಬಿ.ವಿ. ಕಾರಂತರು ಬೆಂಗಳೂರಿನ ಬಯಲು ರಂಗದಲ್ಲಿ ಆಡಿಸಿದಾಗ, ಬೆಳಗಾವಿ ಸೀಮೆಯ ಮಾತು ರಾಜಧಾನಿಯ ನಡುವೆ ತಲೆಯೆತ್ತಿ ನಿಂತಿತು. ಉಳುವವನದೇ ಹೊಲ ಎಂಬ ವಾದ ಉಳುವವನ ನುಡಿಯಲ್ಲೇ ಕೇಳಿಬಂತು. ಅಲ್ಲಿಯವರೆಗೆ ‘ಒರಟು’ ಎನಿಸಿಕೊಂಡಿದ್ದ ಕನ್ನಡ ಆಮೇಲೆ ಕಾವ್ಯದ ಕನ್ನಡವಾಯಿತು.

ನಮ್ಮ ನಗರದ ಅಂಗಳ

ಮುಂಬಯಿಯ ಕನ್ನಡ ರಂಗಭೂಮಿಗೆ ದೊಡ್ಡ ಅರಮನೆಗಳೇನೂ ಆಸರೆ ಕೊಡಲಿಲ್ಲ. ಹೋಟೆಲಿನಲ್ಲಿ ಹಗಲೆಲ್ಲ ತಟ್ಟೆ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಕರಾವಳಿಯ ಹುಡುಗರು ವಾರ್ಷಿಕೋತ್ಸವಕ್ಕೆ ನಾಟಕ ಕಟ್ಟಿದರು. ಮಾಟುಂಗಾದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಇವರಿಗೆಲ್ಲ ರಂಗಮಂದಿರ ಒದಗಿಸಿದವು, ಸ್ಪರ್ಧೆಗಳನ್ನು ನಡೆಸಿದವು. ವಡಾಲದ ಎನ್.ಕೆ.ಇ.ಎಸ್. ಶಾಲೆ ಕನ್ನಡದ ಮಕ್ಕಳಿಗೆ ನೆಲೆ ಕೊಟ್ಟಿತು. ದಶಕಗಳ ಕಾಲ ಈ ನಗರದ ರಂಗವನ್ನು ಕಟ್ಟಿ ಬೆಳೆಸಿದ ಸದಾನಂದ ಸುವರ್ಣರು 1977ರ ‘ಘಟಶ್ರಾದ್ಧ’ ಚಿತ್ರದ ನಿರ್ಮಾಪಕರಾಗಿ ಕನ್ನಡಕ್ಕೆ ಸ್ವರ್ಣಕಮಲ ತಂದರು. ರಂಗದ ಮೇಲೆ ಪಳಗಿದ ಕಣ್ಣು ಅದನ್ನು ಸಾಧ್ಯ ಮಾಡಿತು.

ನಮ್ಮ ಸುತ್ತಲೂ ಬೇರೆ ಭಾಷೆಯ ನಾಟಕಗಳು ನಡೆಯುತ್ತಿದ್ದವು. 1943ರಲ್ಲಿ ಇದೇ ನಗರದಲ್ಲಿ ಇಪ್ಟಾ (ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್) ಹುಟ್ಟಿತು. ಮರುವರ್ಷ ಅಣ್ಣಾಭಾವು ಸಾಠೆ, ಅಮರ ಶೇಖ್, ಗವಾಣಕರ್ ಸೇರಿ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. ಸಾಂಗ್ಲಿ ಸೀಮೆಯ ಮಾತಂಗ ಕೇರಿಯಲ್ಲಿ ಹುಟ್ಟಿ, ಇಲ್ಲೇ ಪಕ್ಕದ ಮಾಟುಂಗಾ ಲೇಬರ್ ಕ್ಯಾಂಪಿನಲ್ಲಿ ದುಡಿಯುವವರ ನಡುವೆ ಬೆಳೆದ ಅಣ್ಣಾಭಾವು ತಮಾಷಾವನ್ನು ಕೂಲಿಕಾರರ ಲೋಕನಾಟ್ಯವಾಗಿಸಿದರು. ಬೆವರಿನ ಮರಾಠಿ ಮೈಕಿನ ಮುಂದೆ ನಿಂತಿತು.

ಮಾತಿಗೂ ವರ್ಗಕ್ಕೂ ಇರುವ ನಂಟನ್ನೇ ವಸ್ತುವಾಗಿ ಮಾಡಿಕೊಂಡ ನಾಟಕ ಬರ್ನಾರ್ಡ್ ಷಾನ ‘ಪಿಗ್ಮೇಲಿಯನ್’. ಅದು 1975ರಲ್ಲಿ ಪು.ಲ. ದೇಶಪಾಂಡೆಯವರ ಕೈಯಲ್ಲಿ ಮರಾಠಿಯ ‘ತೀ ಫುಲರಾಣಿ’ಯಾಯಿತು. ಬಹುಕಾಲ ಮುಂಬಯಿಯಲ್ಲಿ ಬಾಳಿದ ಜಯಂತ ಕಾಯ್ಕಿಣಿಯವರು ಅದನ್ನು ‘ಸೇವಂತಿ ಪ್ರಸಂಗ’ವೆಂದು ಕನ್ನಡಕ್ಕೆ ತಂದರು. ಹೂ ಮಾರುವವಳು ‘ಶುದ್ಧ’ ಮಾತು ಕಲಿತರೆ ಅವಳಿಗೆ ಎಲ್ಲಿ ಜಾಗ, ಕಲಿಸಿದವನು ಕಲಿತದ್ದೇನು ಎಂಬ ಪ್ರಶ್ನೆ ಮೂರು ಭಾಷೆಗಳಲ್ಲೂ ಒಂದೇ.

ರಂಗಭೂಮಿ ಹಾನಿಯನ್ನೂ ಮಾಡಬಲ್ಲದು. ಎಷ್ಟು ನಾಟಕಗಳಲ್ಲಿ ಆಳು ಮಾತ್ರ ಬಯಲುಸೀಮೆಯ ಮಾತಾಡುತ್ತಾನೆ, ಯಜಮಾನ ಪುಸ್ತಕದ ಮಾತಾಡುತ್ತಾನೆ! ಎಷ್ಟು ಸಲ ‘ಹೌದ್ರಿ’, ‘ಬ್ಯಾಡ್ರಿ’ ಎಂದ ಕೂಡಲೇ ಸಭೆ ನಕ್ಕಿದೆ! ನಾವೂ ಹಾಗೆ ಮಾಡಿದ್ದೇವೆ. ಹೀಗೆ ನಕ್ಕ ಸಭೆ ಮನೆಗೆ ಹೋಗುವ ದಾರಿಯಲ್ಲಿ ಅದೇ ಮಾತಾಡುವ ಕೂಲಿಯವನನ್ನು ಕಂಡರೆ ಅವನ ಮಾತನ್ನು ಗಂಭೀರವಾಗಿ ಕೇಳುವುದಿಲ್ಲ. ಮಾತನ್ನು ಬಾಯಿಗೆ ತಂದುಕೊಂಡು ಬದುಕನ್ನು ಹೊರಗೇ ಬಿಟ್ಟರೆ ಅದು ಅಣಕ. ನಟನಿಗೂ ಅಣಕಿಸುವವನಿಗೂ ಇರುವ ಅಂತರವನ್ನು ನನಗೆ ಕಲಿಸಿದವಳು ಓದಿದವಳಲ್ಲ.

ಸೆರಗು ಸರಿಮಾಡಿಕೊಂಡವಳು

ಆ ಹುಡುಗಿಯ ‘ಆಗಲಿ’ಗೆ ಮರಳುತ್ತೇನೆ. ನಮ್ಮ ನಿರ್ದೇಶಕರು ಟಪಾಲು ಇಲಾಖೆಯ ನೌಕರರು. ಕಾಲೊನಿಯ ಕಟ್ಟಡವೊಂದರ ದುರಸ್ತಿ ನಡೆದಿತ್ತು. ಅಲ್ಲಿ ವಿಜಯಪುರ ಕಡೆಯಿಂದ ಬಂದ ಬಿಗಾರಿಗಳು ಮರಳು ಹೊರುತ್ತಿದ್ದರು. ಬೆಳಿಗ್ಗೆ ನಾಕಾದಲ್ಲಿ ನಿಂತು, ಕರೆದವರ ಹಿಂದೆ ಹೋಗುವ ಜನ. ನಮ್ಮ ಕಿಟಕಿಯ ಕೆಳಗೇ ಕನ್ನಡ ಆಡುತ್ತಿದ್ದರು. ಅಲ್ಲಿಯವರೆಗೆ ನಮಗದು ಕೇಳಿಸಿರಲಿಲ್ಲ. ನಮಗೆ ಕನ್ನಡಿಗರೆಂದರೆ ಸಂಘದ ಸದಸ್ಯರು.

ನಿರ್ದೇಶಕರು ಒಂದು ಸಂಜೆ ಅವರಲ್ಲಿ ವಯಸ್ಸಾದ ಒಬ್ಬ ಹೆಂಗಸನ್ನು ‘ಬರ್ರಿ ಅವ್ವಾರ, ಚಾ ಕುಡೀರಿ’ ಎಂದು ಕರೆತಂದರು. ಆಕೆ ಬಾಗಿಲ ಹತ್ತಿರ ನೆಲದ ಮೇಲೆ ಕೂತರು. ಹುಡುಗಿ ತನ್ನ ಮಾತು ಹೇಳಿದಳು. ಆಕೆ ಚಾ ಲೋಟ ಕೆಳಗಿಟ್ಟು ಹೇಳಿದ್ದು ನನಗೆ ಇನ್ನೂ ನೆನಪಿದೆ: ‘ಹಂಗಲ್ಲ ತಂಗಿ. ಆಕಿ ಲಗೂನ ಬಾಯಿ ಬಿಡಾಂಗಿಲ್ಲ. ಮದಲ ಸೆರಗು ಸರಿ ಮಾಡ್ಕೊಂತಾಳ. ಆಮ್ಯಾಲ ಅಂತ್ಯಾಳ.’ ಹಾಗೆ ಹೇಳಿ, ಕೂತಲ್ಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ‘ಆಗ್ಲಿ’ ಅಂದರು.

ಕೋಣೆ ಸ್ತಬ್ಧವಾಯಿತು. ಅದು ಹೂಂ ಆಗಿರಲಿಲ್ಲ, ಬೇಡವೂ ಆಗಿರಲಿಲ್ಲ. ಕೈಯಿಂದ ಹೋಗುತ್ತಿರುವುದನ್ನು ತಡೆಯಲಾರದವಳು ತನ್ನ ಮಾನವನ್ನಾದರೂ ಕೈಯಲ್ಲಿ ಹಿಡಿದುಕೊಂಡದ್ದು. ಹೊಲ ಹೋದ ಮೇಲೆ ಮುಂಬಯಿಗೆ ಬಂದವರ ಬದುಕು ಆ ಎರಡೂವರೆ ಅಕ್ಷರದಲ್ಲಿ ನಮ್ಮೆದುರು ಕೂತಿತ್ತು. ಹುಡುಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು, ಸೆರಗಿಲ್ಲದ್ದಕ್ಕೆ ತನ್ನ ದುಪಟ್ಟಾ ಎಳೆದುಕೊಂಡು, ಮತ್ತೆ ಹೇಳಿದಳು. ಈ ಸಲ ಯಾರೂ ತಿದ್ದಲಿಲ್ಲ. ಮರುದಿನದಿಂದ ಅವಳು ಮೆಟ್ಟಿಲಿಳಿಯುವಾಗ ಮರಳಿನ ರಾಶಿಯ ಹತ್ತಿರ ನಿಂತು ಆಕೆಯನ್ನು ಮಾತಾಡಿಸುತ್ತಿದ್ದಳು, ಕನ್ನಡದಲ್ಲಿ. ಅವಳ ತಾಯಿ ಕಲಿಸಲಾರದ, ಶಾಲೆ ಕಲಿಸದ ಕನ್ನಡ ಅದು.

ಪ್ರದರ್ಶನದ ದಿನ ಆಕೆ ಬರಲಿಲ್ಲ. ದುರಸ್ತಿ ಮುಗಿದು ಕೆಲಸ ಬೇರೆ ಕಡೆಗೆ ಹೋಗಿತ್ತು. ಎಲ್ಲಿಗೆಂದು ನಾವು ಕೇಳಿಟ್ಟುಕೊಂಡಿರಲಿಲ್ಲ. ನಾಟಕಕ್ಕೆ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಸಲ್ಲಬೇಕಾದವರು ಸಭೆಯಲ್ಲಿರಲಿಲ್ಲ. ಆ ಕೊರತೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಬಂಧುಗಳೆ, ಮುಂಬಯಿಯಲ್ಲಿ ಕನ್ನಡ ಉಳಿಯುತ್ತದೆಯೇ ಎಂದು ಪ್ರತಿ ಸಭೆಯಲ್ಲೂ ಕೇಳುತ್ತೇವೆ. ನಮ್ಮ ಮಕ್ಕಳ ಕನ್ನಡ ಅಡಿಗೆಮನೆಯಷ್ಟೇ ಅಗಲ ಉಳಿದಿದೆ. ಹಸಿವು, ನಿದ್ದೆ, ಸ್ನಾನ ಹೇಳಲು ಅದು ಸಾಕು. ವಾದಿಸಲು, ಕ್ಷಮೆ ಕೇಳಲು, ನಿರಾಕರಿಸಲು, ಅಪರಿಚಿತರ ಜೊತೆ ಮಾತಾಡಲು ಸಾಲದು. ನಾಟಕದ ತಾಲೀಮು ಇದನ್ನೆಲ್ಲ ಎರಡು ತಿಂಗಳಲ್ಲಿ ಮಾಡಿಸುತ್ತದೆ. ಇನ್ನೊಂದು ಕಡೆ, ಊರಿನಿಂದ ನಿತ್ಯವೂ ಹೊಸ ಕನ್ನಡ ಈ ನಗರಕ್ಕೆ ಬರುತ್ತಲೇ ಇದೆ, ತಲೆಯ ಮೇಲೆ ಬುಟ್ಟಿ ಹೊತ್ತು. ಈ ಎರಡು ಕನ್ನಡಗಳೂ ಒಂದೇ ರಂಗದ ಮೇಲೆ ಬರಬೇಕು.

ಆದ್ದರಿಂದ ದತ್ತಿದಾನಿಗಳಲ್ಲಿಯೂ ನಿಮ್ಮೆಲ್ಲರಲ್ಲಿಯೂ ನನ್ನ ಪ್ರಾರ್ಥನೆ ಇದು. ಪ್ರತಿ ವರ್ಷ ಈ ಉಪನ್ಯಾಸದ ಜೊತೆ ಇಲ್ಲೇ ಒಂದು ನಾಟಕವೂ ನಡೆಯಲಿ. ಪಾತ್ರಗಳಿಗೆ ಮಕ್ಕಳನ್ನು ಕರೆಯಿರಿ, ಮಾತು ತಿದ್ದಲು ಆ ಮಾತನ್ನು ಬದುಕುವವರನ್ನು ಕರೆಯಿರಿ. ಮೊದಲ ಸಾಲಿನ ಕುರ್ಚಿಗಳನ್ನು ಅವರಿಗಾಗಿ ಬಿಟ್ಟಿಡಿ. ಕರೆಯೋಲೆ ಸಂಘಗಳಿಗೆ ಹೋದ ಹಾಗೆ ನಾಕಾಕ್ಕೂ ಹೋಗಲಿ.